ಮುನ್ಶಿ ಕಾಕಾರ ಕಾಯ್ದೆ ಪಾಠ

ಈಗ ನಾವಿರುವ ಬೀದರಿನಲ್ಲಿ ಕಳೆದ ವಾರ ಖಾರದ ಗಿರಣಿಗೆ ಹೋಗಿದ್ದೆ. ನನ್ನ ಪಾಳಿ ಬರುವಷ್ಟರಲ್ಲಿ ಯಾರದೋ ಮೆಣಸಿನಕಾಯಿಯ ಘಾಟು ಎದ್ದು, ಸಾಲಿನಲ್ಲಿ ನಿಂತವರೆಲ್ಲ ಸೆರಗು, ಕರವಸ್ತ್ರ ಮೂಗಿಗೆ ಒತ್ತಿಕೊಂಡು ಸೀನತೊಡಗಿದರು. ನಾನೊಬ್ಬಳೇ ನಗುತ್ತಿದ್ದೆ. ಸೀನುತ್ತ ನಗುತ್ತ ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಅಮ್ಮಾ, ಏನಾತ್ರಿ?” ಎಂದು ಪಕ್ಕದ ಹುಡುಗಿ ಗಾಬರಿಯಾದಳು. ಏನೆಂದು ಹೇಳಲಿ? ಆ ಘಾಟಿಗೆ ನನಗೆ ನೆನಪಾಗುವವರು ನಮ್ಮ ಮುನ್ಶಿ ಕಾಕಾ...

ಆಗ ನಾವು ಔರಾದಿನಲ್ಲಿದ್ದೆವು. ಎರಡು ವರ್ಷ ಮಳೆ ಕೈಕೊಟ್ಟು, ಓಣಿಯ ಗಂಡಸರು ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಮ್ಮ ಮನೆಯವರೂ ಪುಣೆಯಲ್ಲಿದ್ದರು. ನಾನು ಇನ್ನೂ ಹೊಸ ಸೊಸೆ, ಅತ್ತೆ ಸಂತಪುರದ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಮನೆಯಲ್ಲಿ ಒಬ್ಬಳೇ. ಮಧ್ಯಾಹ್ನ ನೀರಿನ ಟ್ಯಾಂಕರ್ ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುತ್ತಿತ್ತು. ಅದೇ ಹೊತ್ತು ನೋಡಿ ಕಳ್ಳರು ಬೀಗ ಹಾಕಿದ ಮನೆಗಳಿಗೆ ನುಗ್ಗಿ ತಾಮ್ರದ ಹಂಡೆ, ಹಿತ್ತಾಳೆ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಊರಲ್ಲಿ ಹನಿ ನೀರಿಲ್ಲ, ಇವರಿಗೆ ಕೊಡ ಯಾಕೆ ಬೇಕೋ ದೇವರೇ ಬಲ್ಲ!

ಒಂದು ದಿನ ಹೆಂಗಸರೆಲ್ಲ ಸೇರಿ, ಕಳ್ಳ ಸಿಕ್ಕರೆ ಒನಕೆಯಿಂದ ಕುಟ್ಟಿ ಹಿಟ್ಟು ಮಾಡುವುದೆಂದು ಠರಾವು ಮಾಡಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅದನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡವರು ಮುನ್ಶಿ ಕಾಕಾ. ಭಾಲ್ಕಿಯ ಕೋರ್ಟಿನಲ್ಲಿ ಒಬ್ಬ ವಕೀಲರ ಕೈಕೆಳಗೆ ಜೀವಮಾನವಿಡೀ ಮುನ್ಶಿಯಾಗಿ ಮುತ್ತಿನಂಥ ಅಕ್ಷರದಲ್ಲಿ ಕಾಗದಪತ್ರ ಬರೆದು, ವಯಸ್ಸಾದ ಮೇಲೆ ಊರಿಗೆ ಮರಳಿದ್ದರು. ತಲೆಯ ಮೇಲೆ ಕರಿ ಟೋಪಿ, ಕಿವಿಯ ಹಿಂದೆ ಪೆನ್ನು.

“ಎಲ್ಲಾರೂ ಜೈಲಿಗಿ ಹೋದ್ರ ರೊಟ್ಟಿ ಬಡಿಯೋರು ಯಾರ್ರವ್ವಾ?” ಎಂದರು.

ಮರುದಿನದಿಂದಲೇ ಪಾಠ ಶುರುವಾಯಿತು. ಮನೆಗೆ ನುಗ್ಗಿದವನನ್ನು ತಡೆಯುವ ಹಕ್ಕು ನಮಗಿದೆ, ತಡೆಯಲು ಎಷ್ಟು ಬೇಕೋ ಅಷ್ಟೇ ಹೊಡೆಯಬೇಕು. ಅವನು ಬಿದ್ದನೋ, ಬೆನ್ನು ತಿರುಗಿಸಿ ಓಡಿದನೋ, ಕೈ ಮುಗಿದನೋ, ಅಲ್ಲಿಗೆ ನಮ್ಮ ಹಕ್ಕು ಮುಗಿಯಿತು. ಮುಂದಿನ ಏಟು ನಮ್ಮ ಗುನ್ನೆ. ಇಷ್ಟೇ ಪಾಠ. ಆದರೆ ಹೇಳಿದರೆ ಸಾಲದೆಂದು ಕಾಕಾ ತಾವೇ ಕಂಬಳಿ ಹೊದ್ದು ಕಳ್ಳನಾಗುತ್ತಿದ್ದರು. ನಾವು ಹಳೆಯ ಪೇಪರು ಸುರುಳಿ ಸುತ್ತಿ ಹೊಡೆಯಬೇಕು. ಒಂದು ಏಟಿಗೆ “ಸತ್ನೆಪ್ಪೋ!” ಎಂದು ಗೋಣಿಚೀಲದ ಮೇಲೆ ಬಿದ್ದು, ಕಂಬಳಿಯೊಳಗಿನಿಂದಲೇ “ಈಗ ಹೊಡದ್ರ ಜೈಲು!” ಎಂದು ಕೂಗುತ್ತಿದ್ದರು.

“ಕಾಕಾ, ಬಿದ್ದಾಂವ ಮತ್ತ ಎದ್ದು ಮೈಮ್ಯಾಲ ಬಂದ್ರ?” ಎಂದು ನಾನು ಕೇಳಿದೆ.

“ಆಂವ ಎದ್ರ ನಿನ್ನ ಹಕ್ಕೂ ಏಳ್ತದ. ಆಂವ ಮಲಗಿದ್ರ ಅದೂ ಮಲಗ್ತದ.”

ಪ್ರತಿದಿನವೂ ಬಿದ್ದ ಕಾಕಾರಿಗೆ ಇನ್ನೊಂದು ಏಟು ಹಾಕುತ್ತಿದ್ದವಳು ನಾನೇ. “ನಿನಗ ಜಾಮೀನು ಸಿಗಂಗಿಲ್ಲ ಮಗಳ,” ಎಂದು ನಗುತ್ತಿದ್ದರು. ಒಮ್ಮೆ ಮಾತ್ರ ನಗಲಿಲ್ಲ. ಭಾಲ್ಕಿಯಲ್ಲಿ ಹೀಗೇ ಬಿದ್ದ ಕಳ್ಳನಿಗೆ ಸಿಟ್ಟಿನಲ್ಲಿ ಮತ್ತೆ ಹೊಡೆದು ಒಬ್ಬ ಒಳ್ಳೆಯ ಮನುಷ್ಯ ಜೈಲು ಸೇರಿದ್ದನಂತೆ. ಅವನ ಹೆಂಡತಿ ತಾರೀಖಿಗೊಮ್ಮೆ ಬುತ್ತಿ ಕಟ್ಟಿಕೊಂಡು ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳಂತೆ... ಕಾಕಾ ಅಷ್ಟು ಹೇಳಿ ಕಂಬಳಿ ಮಡಚಿ ಒಳಗೆ ಹೋದರು.

ಒಂದು ಮಧ್ಯಾಹ್ನ ಟ್ಯಾಂಕರಿನಿಂದ ನಾನೇ ಮೊದಲು ಕೊಡ ತುಂಬಿಸಿಕೊಂಡು ಬಂದೆ. ಬೀಗ ಹಾಕಿದ ಹಾಗೇ ಇತ್ತು. ತೆಗೆದು ಒಳಗೆ ಕಾಲಿಟ್ಟರೆ, ಮಾಳಿಗೆಯ ಬೆಳಕಿಂಡಿಯಿಂದ ಎರಡು ಕಾಲು ಜೋತಾಡುತ್ತಿವೆ! ನೀಲಿ ಪ್ಯಾಂಟು, ಕಾಲಲ್ಲಿ ಬೂಟು. ಕೊಡ ಕೆಳಗಿಟ್ಟು ಅಡುಗೆಯ ಗೂಡಿನಿಂದ ಖಾರದ ಡಬ್ಬಿ ತೆಗೆದೆ. ಮನುಷ್ಯ ಧೊಪ್ಪನೆ ಕೆಳಗಿಳಿದು ತಿರುಗುವುದಕ್ಕೂ ನಾನು ಮುಷ್ಟಿ ಖಾರ ಮುಖಕ್ಕೆ ಎರಚುವುದಕ್ಕೂ ಸರಿಹೋಯಿತು. ಅವನು ಕೆಮ್ಮುತ್ತ ಕೈ ಚಾಚಿ ನನ್ನತ್ತಲೇ ಬಂದ. ಒನಕೆ ಎತ್ತಿ ಮೊಣಕಾಲಿಗೆ ಹಾಕಿದೆ. ಬಿದ್ದ.

ಬಿದ್ದದ್ದು ಕಂಡೆ. ಪಾಠವೂ ನೆನಪಿತ್ತು. ಆದರೆ ಒಬ್ಬಳೇ ಹೆದರಿ ಹೆದರಿ ಕಳೆದ ಅಷ್ಟೂ ದಿನಗಳ ಸಿಟ್ಟೆಲ್ಲ ತೋಳಿಗೆ ಬಂದಿತ್ತು. ಕಿರುಚುತ್ತ ಒನಕೆ ಮತ್ತೆ ಎತ್ತಿದೆ, ಈ ಸಲ ತಲೆಗೆ.

“ಬಿದ್ದಾನ ಮಗಳ! ಬಿದ್ದಾನ! ಮುಗೀತು!”

ನನ್ನ ಕಿರುಚಾಟ ಕೇಳಿ ಓಡಿ ಬಂದ ಕಾಕಾ ನಡುವೆ ಕೈ ಒಡ್ಡಿದ್ದರು. ಒನಕೆ ಅವರ ಮುಂಗೈ ಮೇಲೆ ಬಿತ್ತು. ಎಲುಬು ಲಟಕ್ಕೆಂದದ್ದು ನನಗೂ ಕೇಳಿಸಿತು.

ಆಗ ನೆಲದ ಮೇಲಿನ ಕಳ್ಳ ಕೆಮ್ಮಿನ ನಡುವೆ ಕಷ್ಟಪಟ್ಟು ಬಾಯಿ ಬಿಟ್ಟ: “ಏ ಹುಚ್ಚಿ... ನಾ ಬಂದೀನಿ...”

ಆ ದನಿ ಗುರುತಾಗಿ, ಕೊಡದ ನೀರು ಪೂರ್ತಿ ಅವರ ಮುಖಕ್ಕೆ ಸುರಿದೆ. ಖಾರದ ಕೆಳಗಿನಿಂದ ನಮ್ಮ ಮನೆಯವರು ಹೊರಬಂದರು! ಹೇಳದೆ ಕೇಳದೆ ಪುಣೆಯಿಂದ ಬಂದು, ಬೀಗ ನೋಡಿ, ಚಿಕ್ಕಂದಿನಲ್ಲಿ ಇಳಿಯುತ್ತಿದ್ದ ಹಾಗೆ ಬೆಳಕಿಂಡಿಯಿಂದ ಇಳಿದಿದ್ದರು. ಧೋತರ ಬಿಟ್ಟು ಬೇರೇನೂ ಉಡದ ಮನುಷ್ಯ ಪ್ಯಾಂಟು ಬೂಟು ಹಾಕಿದರೆ ನನಗೆ ಗುರುತು ಸಿಗುವುದಾದರೂ ಹೇಗೆ? ನಾನು ಅಲ್ಲೇ ಕುಸಿದು ಗೋಳೋ ಎಂದು ಅತ್ತೆ. ಆ ಎರಡನೆಯ ಏಟು ಅವರ ತಲೆಗೇ ಬಿದ್ದಿದ್ದರೆ ಎಂಬ ಯೋಚನೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಕಾಕಾ ಮುರಿದ ಕೈಯನ್ನು ಎದೆಗೆ ಒತ್ತಿ ಹಿಡಿದು ಅಲ್ಲೇ ತೀರ್ಪು ಕೊಟ್ಟರು. “ಮೊದಲಿನ ಏಟು ಕಾಯ್ದೆ ಪ್ರಕಾರ ಅದ. ಎರಡನೇದು ಗುನ್ನೆ. ಅದು ಬಿದ್ದದ್ದು ನನಗ, ಫಿರ್ಯಾದಿ ನಾನು. ರಾಜಿಗಿ ತಯಾರಿದ್ದೀನಿ. ಕೈ ಕೂಡೋತನಕ ದಿನಾ ಬಿಸಿ ರೊಟ್ಟಿ, ಝುಣಕ!”

ಅಷ್ಟೊತ್ತಿಗೆ ಸೇರಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅಳುತ್ತಿದ್ದ ನಾನೂ ನಕ್ಕೆ. ಮುಂದಿನ ಒಂದೂವರೆ ತಿಂಗಳು ನಮ್ಮ ಪಡಸಾಲೆಯ ಹೊರಸಿನ ಮೇಲೆ ಕಾಲು ಕಟ್ಟಿಸಿಕೊಂಡ ಗಂಡ, ಕೈ ಕಟ್ಟಿಸಿಕೊಂಡ ಕಾಕಾ ಜೊತೆಯಾಗಿ ಕೂತು ರೊಟ್ಟಿ ತಿನ್ನುತ್ತಿದ್ದರು. ಕಾಕಾರಿಗೆ ನಾನೇ ಮುರಿದು ತಿನಿಸುತ್ತಿದ್ದೆ. “ಇನ್ನ ಮುಂದ ಬಾಗಿಲ ಬಡದು ಬಾರಪ್ಪಾ, ನನಗ ಇರೋದು ಇನ್ನೊಂದೇ ಕೈ,” ಎನ್ನುತ್ತಿದ್ದರು. ಹಾಗೆ ನೋಡಿದರೆ ನನ್ನ ಸಂಸಾರದಲ್ಲಿ ಅಷ್ಟು ನಕ್ಕ ದಿನಗಳು ಮತ್ತೆ ಬರಲಿಲ್ಲ. ಕೈ ಕೂಡಿತು, ಆದರೆ ಬೆರಳು ಮೊದಲಿನಂತೆ ಮಡಚಲಿಲ್ಲ. ಆ ಮುತ್ತಿನಂಥ ಅಕ್ಷರ ಹೋಯಿತು. ಅದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ.

ಮರುವರ್ಷವೂ ಮಳೆಯಾಗದೆ ನಾನೂ ನಮ್ಮ ಮನೆಯವರ ಜೊತೆ ಪುಣೆಗೆ ಹೊರಟೆ. ಕಾಕಾ ಬಸ್ಸಿನ ತನಕ ಬಂದಿದ್ದರು. ಅವರು ತೀರಿಹೋದ ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಮುಗಿದು ತಿಂಗಳಾದ ಮೇಲೆ. ಕೊನೆಗೊಮ್ಮೆ ಆ ಕೈ ಹಿಡಿಯಲಿಲ್ಲ, ಮುಖವನ್ನೂ ನೋಡಲಿಲ್ಲ... ಆ ಕೊರಗು ನನಗಿದೆ, ಹೋಗುವುದೂ ಇಲ್ಲ.

ಇದನ್ನು ಬರೆಯುವಾಗ ಮಧ್ಯಾಹ್ನ. ಊಟ ಮಾಡಿ ಮಲಗಿದ ನಮ್ಮ ಮನೆಯವರ ಗೊರಕೆ ಒಳಗಿನಿಂದ ಇಡೀ ಮನೆಗೆ ಕೇಳುತ್ತಿದೆ. ಮೊದಲೆಲ್ಲ ಬೈದು ಎಬ್ಬಿಸುತ್ತಿದ್ದೆ. ಈಗ ಎಬ್ಬಿಸುವುದಿಲ್ಲ. ಒಮ್ಮೆ ಬಂದು, ಕೈ ಒಡ್ಡಿ ಉಳಿಸಿಕೊಟ್ಟ ಈ ಗೊರಕೆಯನ್ನು ನೀವೂ ಕೇಳಬೇಕಿತ್ತು, ಕಾಕಾ.