ಪೈಲ್ವಾನ್ ಉಸ್ಮಾನನ ಕಿವಿ

ಉಸ್ಮಾನನ ಎಡಗಿವಿ ಮುದುಡಿ ಗಂಟುಗಟ್ಟಿದೆ. ಕುಸ್ತಿ ಆಡುವವರ ಕಿವಿ ಎದುರಾಳಿಯ ತೋಳಿಗೆ ಉಜ್ಜಿ ಉಜ್ಜಿ ಹೀಗೇ ಆಗುತ್ತದೆ. ಅವರಿಗೆ ಅದೇ ಪದಕ. ಆದರೆ ಉಸ್ಮಾನನದು ಬೇರೆ ಕತೆ. ಇಂಡಿ ತಾಲೂಕಿನ ತನ್ನೂರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಕಿವಿಯಲ್ಲಿ ಹುಣ್ಣಾಗಿ ಕೀವು ತುಂಬಿತು. ಯಾರೋ ಹಚ್ಚಿದ ಸೊಪ್ಪಿನ ಮದ್ದು ಅದನ್ನು ಇನ್ನಷ್ಟು ಕೆಡಿಸಿತು. ಹುಣ್ಣು ಮಾಯಿತು, ಕಿವಿ ಮುದುಡಿಕೊಂಡಿತು, ಅಷ್ಟೇ. ಗರಡಿಯ ಮಣ್ಣನ್ನು ಅವನು ಬಾಗಿಲಾಚೆ ನಿಂತು ನೋಡಿದ್ದೇ ಹೆಚ್ಚು.

ಊರು ಬಿಟ್ಟು, ದೂರದ ಮಹಾನಗರದಲ್ಲಿ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿಗೆ ಮೂಟೆ ಹೊರಲು ಬಂದ ಮೊದಲ ದಿನವೇ ಸಾಂಗ್ಲಿ ಕಡೆಯ ವ್ಯಾಪಾರಿಯೊಬ್ಬ ಆ ಕಿವಿ ನೋಡಿ, “ಅರೆ, ಪೈಲ್ವಾನ್!” ಎಂದು ಬೆನ್ನು ಚಪ್ಪರಿಸಿದ. ಆಗ ಈ ಪುಣ್ಯಾತ್ಮ ‘ಅಲ್ಲ’ ಅನ್ನಬೇಕಿತ್ತೋ ಬೇಡವೋ? ಅನ್ನಲಿಲ್ಲ. ಹಲ್ಲು ಕಿರಿದ. ಆ ಒಂದು ನಗು ಇಪ್ಪತ್ತಾರು ವರ್ಷ ಬಾಳಿತು ನೋಡಿ. ಮಾರ್ಕೆಟ್ಟಿನಲ್ಲಿ ಯಾರೂ ಅವನ ತಂಟೆಗೆ ಬರಲಿಲ್ಲ. ಅವನಿದ್ದ ವಡಾಲದ ಚಾಳಿನ ಸಾಲುಮನೆಗಳಲ್ಲಿ ನಲ್ಲಿ ಜಗಳ ಎದ್ದರೆ “ಪೈಲ್ವಾನ್ ಕೋ ಬುಲಾವ್” ಎಂದು ಅವನನ್ನೇ ಕರೆಸುತ್ತಿದ್ದರು. ಹೆಂಡತಿ ಗುಲಶನ ಕೂಡ ತಾನು ಪೈಲ್ವಾನನನ್ನೇ ಮದುವೆಯಾದೆ ಎಂದುಕೊಂಡಿದ್ದಳು. ಕೇಳಿದವರಿಗೆ ಹೇಳಲೆಂದು ಉಸ್ಮಾನ ನಾಲ್ಕಾರು ಗೆದ್ದ ಕುಸ್ತಿಗಳನ್ನು ಕಟ್ಟಿಕೊಂಡಿದ್ದ. ನಂಬಿಕೆ ಬರಲಿ ಎಂದು ಸೋತದ್ದೂ ಒಂದನ್ನು ಸೇರಿಸಿದ್ದ!

ಮಗಳು ಕೈನಾತಳಿಗೆ ಈಗ ಹದಿಮೂರು. ಅವಳ ಶಾಲೆಯ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಜೂಡೋ, ಕರಾಟೆ ಎರಡನ್ನೂ ಕಲಿಸತೊಡಗಿದರು. ಒಂದು ತಿಂಗಳು ಎರಡನ್ನೂ ಮಾಡಿ ನೋಡಿ, ಆಮೇಲೆ ಯಾವುದಾದರೊಂದಕ್ಕೆ ಹೆಸರು ಬರೆಸಬೇಕು. ಕರಾಟೆಯಲ್ಲಿ ದೂರ ನಿಂತು ಗುದ್ದುವುದು, ಒದೆಯುವುದು. ಜೂಡೋದಲ್ಲಿ ಎದುರಿನವರ ಅಂಗಿ ಹಿಡಿದು, ಮೈಗೆ ಮೈ ಕೊಟ್ಟು, ಎತ್ತಿ ಚಾಪೆಗೆ ಕೆಡವುವುದು. ಹುಡುಗಿಯರಿಗೆ ಹುಡುಗಿಯರೇ ಜೋಡಿ. ಕೈನಾತಳ ಜೋಡಿ ಅವಳ ಬೆಂಚಿನ ಗೆಳತಿ ಸ್ನೇಹಲ್.

“ನಾ ಜೂಡೋನೇ ತಗೋತೀನಿ, ಅಬ್ಬಾ. ಕುಸ್ತಿ ಅಪನ್ ಕೇ ತೋ ಖೂನ್ ಮೇ ಹೈ ನಾ, ರಕ್ತದಾಗಽ!” ಎಂದು ಅವಳು ಕುಣಿದಾಗ ಉಸ್ಮಾನನಿಗೆ ಖುಷಿಯೇ ಆಯಿತು. ಸುಳ್ಳುಗಾರನ ಖುಷಿ, ಆದರೂ ಖುಷಿಯೇ.

ಆ ಖುಷಿ ಇಳಿದದ್ದು ಅವಳನ್ನು ಬಿಡಲು ಶಾಲೆಗೆ ಹೋದ ದಿನ. ಜೂಡೋ ಕಲಿಸುವ ಕಾಶಪ್ಪ ಬೆಳಗಾವಿ ಕಡೆಯವರು, ನಿಜವಾದ ಹಳೆಯ ಕುಸ್ತಿಪಟು, ಎರಡೂ ಕಿವಿ ಮುರಿದವರು. ಉಸ್ಮಾನನನ್ನು ಕಂಡದ್ದೇ ಎದ್ದು ಬಂದು ಅಪ್ಪಿಕೊಂಡರು.

“ಯಾವ ಗರಡೀರಿ ಪೈಲ್ವಾನ್ರ? ಕಲಿಸಿದ ವಸ್ತಾದ್ರು ಯಾರು?”

“ಅದೆಲ್ಲಾ ಹಳೇ ಮಾತ್ರೀ ಸರ,” ಎಂದ ಉಸ್ಮಾನ.

“ಹಳೇದಾದ್ರೇನ್ರೀ, ಕೈ ಮರೀತಾವೇನು? ಮುಂದಿನ ಐತವಾರ ಹೆಸರು ಬರಸಾಕ ಬರ್ತೀರಲ್ಲ, ಹುಡುಗರಿಗೆ ಒಂದು ಪಟ್ಟು ತೋರಸ್ರಿ. ನನ್ನನ್ನಽ ಎತ್ತಿ ಒಗೀರಿ!”

ಮಂಡಿನೋವು ಅಂದಿದ್ದರೆ ಆ ಭಾನುವಾರ ಕಳೆಯುತ್ತಿತ್ತು. ಆದರೆ ಮಗಳು ಜೂಡೋ ಹಿಡಿದರೆ ಪ್ರತಿ ಭಾನುವಾರವೂ ಕಾಶಪ್ಪ, ಪ್ರತಿ ಭಾನುವಾರವೂ ಪ್ರಶ್ನೆ. ಎಷ್ಟು ದಿನ ತಪ್ಪಿಸಿಕೊಳ್ಳುವುದು? ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಉಸ್ಮಾನ ಹೇಳಿಯೇಬಿಟ್ಟ.

“ಜೂಡೋ ಬ್ಯಾಡ. ಕರಾಟೆ ತಗೋ.”

“ಕ್ಯೂಂ?”

“ಹೆಣ್ಣುಮಗಳು ಹಂಗ ಮಂದಿ ಮೈಗೆ ಮೈ ಹಚ್ಚಿ ಹೊರಳಾಡೂದು ಹೊಲಸು. ನಾಚಿಕಿ ಬರೂದಿಲ್ಲೇನು ನಿನಗ?”

ಗುಲಶನ ರೊಟ್ಟಿ ಹಿಡಿದ ಕೈ ತಡೆದಳು. “ಹುಡಗೀರ ಜೋಡೀನ ಆಡ್ತಾಳಲ್ರೀ. ನನಗಽ ಇಲ್ಲದ ನಾಚಿಕಿ ನಿಮಗೇನು ಬಂತು?”

“ನೀ ಸುಮ್ಮನಿರು!” ಎಂದು ಗದರಿದ ನಮ್ಮ ಪೈಲ್ವಾನ.

ಕೈನಾತ ತಾಯಿಗೆ ಆತು ಕೂತಿದ್ದವಳು ಒಂದು ಗೇಣು ದೂರ ಸರಿದು, ಕಾಲು ಮುದುಡಿಕೊಂಡಳು. ಉಸ್ಮಾನ ಅದನ್ನು ಕಂಡ. ಕಂಡೂ ಉಳಿದ ಅನ್ನ ಉಂಡ. ಪಾರಾದೆನಲ್ಲ ಎಂಬ ನೆಮ್ಮದಿ ಬಂತು, ಆ ನೆಮ್ಮದಿಗೇ ಅವನಿಗೆ ನಾಚಿಕೆಯಾಯಿತು. ಆದರೂ ಮಾತು ಹಿಂದೆಗೆದುಕೊಳ್ಳಲಿಲ್ಲ.

ಮುಂದಿನ ಭಾನುವಾರ ತಂದೆಯ ಸಹಿ ಬೇಕೆಂದು ಅವನೂ ಹೋಗಬೇಕಾಯಿತು. ಕಾಶಪ್ಪ ಆಗಲೇ ಅಂಗಿಯ ತೋಳು ಮಡಚಿ ಚಾಪೆಯ ಮೇಲೆ ನಿಂತಿದ್ದರು. ಕೈನಾತ ನೇರ ಮೇಜಿಗೆ ಹೋಗಿ ಕರಾಟೆ ಹಾಳೆಯಲ್ಲಿ ಹೆಸರು ಬರೆದಳು.

“ಯಾಕವ್ವಾ? ಇಡೀ ಕ್ಲಾಸಿನ್ಯಾಗ ನಿಂದಽ ಹಿಡಿತ ಗಟ್ಟಿ,” ಎಂದರು ಕಾಶಪ್ಪ.

ಹುಡುಗಿ ತಲೆ ತಗ್ಗಿಸಿದಳು. “ಸರ್, ಅದು… ಮೈ ಮುಟ್ಟೋದು… ಗಂದಾ ಹೈ, ಹೊಲಸು. ನಂಗ ನಾಚಿಕಿ ಬರ್ತದ.”

ಪಕ್ಕದಲ್ಲೇ ಸ್ನೇಹಲ್ ನಿಂತಿದ್ದಳು. ಅವಳ ಮುಖ ಕೆಂಪಾಯಿತು. ಎರಡೂ ಅಂಗೈಗಳನ್ನು ತನ್ನ ಪ್ಯಾಂಟಿಗೆ ಮೆಲ್ಲಗೆ ಒರೆಸಿಕೊಂಡಳು.

ಅಯ್ಯೋ, ಅದನ್ನು ನೋಡಿದ ಮೇಲೆ ಉಸ್ಮಾನನಿಗೆ ಸುಮ್ಮನೆ ನಿಲ್ಲಲಾಗಲಿಲ್ಲ.

“ಹೊಲಸು ಅಕಿದಲ್ರೀ ಸರ, ನಂದು!” ಎಂದು ಕೂಗಿದ. “ನಾ ಪೈಲ್ವಾನ ಅಲ್ಲ. ಗರಡ್ಯಾಗ ಕಾಲಿಟ್ಟಾವಲ್ಲ. ಈ ಕಿವಿ ಕೀವು ತುಂಬಿ ಹಿಂಗಾಗೇದ. ನೀವು ಪಟ್ಟು ತೋರಸು ಅಂದ್ರಿ, ನನ್ನ ಬಂಡವಾಳ ಹೊರಗ ಬೀಳ್ತದಂತ ಅಂಜಿ ಮಗಳಿಗೆ ಹಂಗಂದೆ.”

ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಕಾಶಪ್ಪ ಮಡಚಿದ ತೋಳು ಕೆಳಗೆ ಬಿಟ್ಟುಕೊಂಡರು. “ಹೇಳಿದ್ರ ಆಗ್ತಿತ್ತಲ್ರೀ,” ಎಂದರು. ಬೈದಿದ್ದರೂ ವಾಸಿಯಿತ್ತು.

ಆದರೆ ಮನುಷ್ಯನ ಮನಸ್ಸು ಎಷ್ಟು ಭಂಡ! ನಿಜ ಹೇಳಿದ್ದೇ ಉಸ್ಮಾನನಿಗೆ ಎದೆ ಹಗುರಾಯಿತು, ಒಂದಿಷ್ಟು ಹೆಮ್ಮೆಯೂ ಅನಿಸಿತು. ಎಲ್ಲ ಸರಿಹೋಯಿತು ಎಂದುಕೊಂಡು ಜೂಡೋ ಹಾಳೆಯನ್ನು ಮಗಳ ಮುಂದೆ ಸರಿಸಿದ.

“ಬರಿ ಬೇಟಾ. ಈಗ ಏನೂ ಅಡ್ಡಿಯಿಲ್ಲ.”

ಕೈನಾತ ಪೆನ್ನು ಮುಟ್ಟಲಿಲ್ಲ. ಕಣ್ಣು ತುಂಬಿಕೊಂಡು ಅವನನ್ನು ನೋಡಿದಳು.

“ಕಿವಿದು ಸುಳ್ಳು ನಡೀತದ, ಅಬ್ಬಾ. ಅದು ನಿಮ್ದು. ಲೇಕಿನ್ ನಂಗ ಯಾಕ ಗಂದೀ, ಹೊಲಸು ಅಂದ್ರಿ?”

ಉಸ್ಮಾನ ಅವಳ ತಲೆ ಸವರಲೆಂದು ಕೈ ಚಾಚಿದ.

“ಮುಟ್ಟಬ್ಯಾಡ್ರಿ,” ಎಂದು ಅವಳು ಮೆಲ್ಲಗೆ ಹೇಳಿ, ಕರಾಟೆಯ ಸಾಲಿಗೆ ಹೋಗಿ ನಿಂತಳು.