ಜಗಳಕ್ಕೊಂದು ಮ್ಯೂಸಿಯಂ

ದೋಹಾಕ್ಕೆ ಬಂದ ಹೊಸತರಲ್ಲಿ ನಮಗೆ ಜಗಳವಾಡಲು ಜಾಗವೇ ಇರಲಿಲ್ಲ. ದೊಡ್ಡ ವಿಲ್ಲಾವೊಂದನ್ನು ಜಿಪ್ಸಂ ಹಲಗೆಗಳಿಂದ ಪಾಲು ಮಾಡಿದ ಕೋಣೆಗಳಲ್ಲಿ ಒಂದು ನಮ್ಮದು. ಹಲಗೆಯಾಚೆ ಮಲಯಾಳಿ ದಂಪತಿ. ಅವರು ಚಹಾ ಕಲಕಿದರೆ ಚಮಚದ ಸದ್ದು ನಮಗೆ ಕೇಳುತ್ತಿತ್ತು. ಹೀಗಾಗಿ ಹೊಸ ಸಂಸಾರವನ್ನೆಲ್ಲ ಪಿಸುಮಾತಿನಲ್ಲೇ ನಡೆಸಿದೆವು. ನಾನೋ ವಿಜಯಪುರದ ಕಡೆಯವಳು. ದನಿ ತಗ್ಗಿಸಿ ಜಗಳವಾಡುವುದೆಂದರೆ ಉಪ್ಪಿಲ್ಲದ ಸಾರು ಉಂಡ ಹಾಗೆ.

ನನ್ನವರು ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಗುತ್ತಿಗೆ ಕಂಪನಿಯೊಂದರ ಸೂಪರ್‌ವೈಸರ್. ರಜೆಯ ದಿನವಾದ ಶುಕ್ರವಾರ ತಂಪಿಗೆಂದು ಮ್ಯೂಸಿಯಂಗೆ ಹೋಗುತ್ತಿದ್ದೆವು. ಅಲ್ಲಿ ಮುತ್ತು ತೆಗೆಯುವವರ ಕಾಲವನ್ನು ತೋರಿಸುವ ಕತ್ತಲೆಯ ಹಾಲ್ ಒಂದಿದೆ. ಗೋಡೆಯಷ್ಟಗಲ ಸಿನಿಮಾ, ಅಲೆಗಳ ಭೋರ್ಗರೆತ, ದೋಣಿಯವರ ಹಾಡು. ಆ ಗದ್ದಲದಲ್ಲಿ ಎಷ್ಟು ಕೂಗಾಡಿದರೂ ಪಕ್ಕದವರಿಗೆ ಕೇಳದು ಎಂಬುದನ್ನು ಕಂಡುಹಿಡಿದವಳು ನಾನೇ. ಅಂದಿನಿಂದ ವಾರದ ಜಗಳಗಳನ್ನೆಲ್ಲ ಅಲ್ಲಿಗೇ ಕೂಡಿಡತೊಡಗಿದೆವು. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಅವರು ತುಟಿಯ ಮೇಲೆ ಬೆರಳಿಟ್ಟು, "ಶುಕ್ರವಾರ ನೋಡಿಕೊಳ್ಳೂಣು," ಎನ್ನುತ್ತಿದ್ದರು. ಮುತ್ತಿನ ಸರ, ಹಳೆಯ ಬಟ್ಟೆ, ಒಂಟೆಯ ಜೀನು ಇವನ್ನೆಲ್ಲ ನೋಡುವುದು ಜಗಳ ಮುಗಿದ ಮೇಲೆ, ಕೈ ಹಿಡಿದುಕೊಂಡು.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ನನ್ನನ್ನು ಊರಿಗೆ ಕಳಿಸುವುದೆಂದು ಎರಡೂ ಮನೆಯವರು ಮಾತಾಡಿಕೊಂಡರು. ನನಗೆ ಹೋಗಲು ಮನಸ್ಸಿರಲಿಲ್ಲ. ಕೂಸಿನ ಮುಖವನ್ನು ನನ್ನವರು ವಿಡಿಯೋ ಕಾಲ್‌ನಲ್ಲಿ ನೋಡುವುದು ನನಗೆ ಬೇಡವಾಗಿತ್ತು. ಆದರೆ 'ಇರು' ಅನ್ನುವ ಮಾತು ಅವರ ಬಾಯಿಂದಲೇ ಬರಲಿ ಎಂದು ಕಾದೆ. ಅವರು ಸುಮ್ಮನೆ ವಿಮಾನದ ವೇಳೆ ನೋಡುತ್ತ ಕೂತರು. ನನಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ಹಾಲ್‌ಗೆ ಹೋದವಳೇ ಅಲೆಗಳ ಮೇಲೆ ದನಿಯೇರಿಸಿದೆ. "ನಾ ಇದ್ರೂ ಅಷ್ಟ, ಹೋದ್ರೂ ಅಷ್ಟ ಅಲ್ಲೇನ್ರಿ ನಿಮಗ?"

"ಅಲ್ಲಿ ನಿಮ್ಮವ್ವ ಅದಾಳ. ಇಲ್ಲಿ ನಿನ್ನ ಯಾರು ನೋಡ್ತಾರ?"

"ಅದನ್ನ ಕೇಳಿಲ್ಲ ನಾ."

ಅವರು ಮತ್ತೆ ಬಾಯಿ ತೆರೆಯುವುದಕ್ಕೂ ಸಿನಿಮಾ ಮುಗಿಯುವುದಕ್ಕೂ ಸರಿಹೋಯಿತು. ಅಲೆಗಳ ಸದ್ದು ಥಟ್ಟನೆ ನಿಂತಿತು.

"ನೀ ಹೋದ್ರ ಆ ಖೋಲ್ಯಾಗ ನಾ ಒಬ್ಬನ ಹೆಂಗಿರಲಿ?"

ಮಾತು ಇಡೀ ಹಾಲ್‌ಗೆ ಕೇಳಿತು. ಕಾವಲಿಗಿದ್ದ ಹುಡುಗಿ ತಿರುಗಿ ನೋಡಿದಳು. ದೀಪ ಹತ್ತಿದಾಗ ನನ್ನವರ ಕಿವಿಗಳೆರಡೂ ಕೆಂಪಗಿದ್ದವು. ಇಲ್ಲಿ ಯಾರಿಗೆ ಕನ್ನಡ ತಿಳಿಯುತ್ತದೆ ಬಿಡಿ ಎಂದು ಸಮಾಧಾನ ಹೇಳುವಷ್ಟರಲ್ಲಿ, ಕತ್ತಲಲ್ಲಿ ನಮಗೆ ಕಾಣದೇ ಇದ್ದ ಇಳಕಲ್ ಸೀರೆಯ ಮುದುಕಿಯೊಬ್ಬರು ಬೆಂಚಿನಿಂದ ಕೋಲೂರಿ ಎದ್ದರು.

"ಕಳಿಸಬ್ಯಾಡೋ ತಮ್ಮಾ. ಅವರವ್ವನ್ನ ಇಲ್ಲಿಗೇ ಕರಸು. ಮಗಳ ಬಾಣಂತನಕ್ಕ ನಾ ಬಂದಿಲ್ಲೇನು?"

"ಹೂಂ ರೀ ಅಮ್ಮಾರ," ಎಂದರು ನನ್ನವರು, ತಲೆ ತಗ್ಗಿಸಿ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆ ದಿನ ಮುತ್ತಿನ ಸರಗಳನ್ನು ನೋಡಲಿಲ್ಲ.

ಸಂಜೆ ಕೋಣೆಗೆ ಬಂದವರೇ ಅವರು ನಮ್ಮವ್ವನಿಗೆ ಫೋನ್ ಹಚ್ಚಿದರು. ಈ ಸಲ ತುಟಿಯ ಮೇಲೆ ಬೆರಳಿಟ್ಟವಳು ನಾನು. ಆ ಬೆರಳನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿ, ದನಿಯನ್ನು ಒಂದಿಷ್ಟೂ ತಗ್ಗಿಸದೆ ಹೇಳಿದರು: "ಅತ್ತೀ, ನೀವ ಇಲ್ಲಿಗೆ ಬರ್ರಿ. ಆಕಿನ್ನ ನಾ ಕಳಸಂಗಿಲ್ಲ."

ಹಲಗೆಯಾಚೆ ಚಮಚದ ಸದ್ದು ನಿಂತಿತು. ಕೇಳಿಸಿಕೊಳ್ಳಲಿ ಬಿಡು ಎಂದುಕೊಂಡೆ.