ಕರೆದ ಕೂಡಲೇ

ಫೋನು ಬಡಿದುಕೊಂಡರೆ ಸಾಕು, ಲಿಫ್ಟ್ ಮೆಕ್ಯಾನಿಕ್ ಕೈಯ ತುತ್ತನ್ನು ತಟ್ಟೆಗೇ ಬಿಟ್ಟು ಏಳುತ್ತಿದ್ದ. "ನಿಮ್ಗೆ ಹೊಟ್ಟೆಗಿಂತ ಕಾಲಿಗೇ ಹಸಿವು ಜಾಸ್ತಿ," ಎಂದು ಹೆಂಡತಿ ಹಂಗಿಸುತ್ತಿದ್ದಳು. ಹದಿನೇಳು ವರ್ಷ ಹೀಗೇ ಓಡಿದವನಿಗೆ ಈ ತಿಂಗಳು ಗ್ರಹಚಾರ ಕೆಟ್ಟಿತ್ತು. ಸರ್ವಿಸ್ ಫಾರಂನ ಕೊನೆಯ ಸಾಲಿನಲ್ಲಿ ಗ್ರಾಹಕರು 'ಪ್ರಾಂಪ್ಟ್' ಎಂದು ಬರೆಯಬೇಕು. ಎರಡು ಮನೆಯವರು ಬರೆಯದೆ ಮರಳಿಸಿದ್ದರು. ಮೂರನೆಯದೂ ತಪ್ಪಿದರೆ ಕೆಲಸಕ್ಕೆ ಬರಬೇಡ ಎಂದಿದ್ದ ಮ್ಯಾನೇಜರ್.

ಆ ಮೂರನೆಯ ಫಾರಂ ಈಗ ಐದನೇ ಮಹಡಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರ ತೊಡೆಯ ಮೇಲಿತ್ತು. ಕೆಟ್ಟು ನಿಂತ ಲಿಫ್ಟಿನೊಳಗೆ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದ ಅವರು ಈಗಷ್ಟೇ ಹೊರಬಂದು ಮನೆಯ ಕುರ್ಚಿಯಲ್ಲಿ ಕೂತಿದ್ದರು. ಅಂಗಿ ಬೆವರಿಗೆ ತೊಯ್ದು ಬೆನ್ನಿಗಂಟಿತ್ತು. ನಾಲಿಗೆಯ ಹರಿತ ಮಾತ್ರ ಹೋಗಿರಲಿಲ್ಲ.

"ಪ್ರಾಂಪ್ಟ್ ಅಂದ್ರೆ ಏನಯ್ಯಾ?"

"ಬೇಗ ಬರೋದು, ಸಾರ್."

"ಮಣ್ಣು. ಬೇಗ ಕೆಲಸ ಮುಗಿಸಿದ್ರೆ ಕ್ವಿಕ್. ಹೇಳಿದ ಹೊತ್ತಿಗೆ ಬಂದ್ರೆ ಪಂಕ್ಚುಯಲ್. ಕರೆದ ಕೂಡ್ಲೆ ಎದ್ದು ಬಂದ್ರೆ ಅದು ಪ್ರಾಂಪ್ಟ್. ನೀನು ಬೆಂಕಿ ಬಿದ್ಮೇಲೆ ಬಾವಿ ತೋಡೋನು. ಹತ್ತೂಕಾಲಿಗೆ ಬೆಲ್ ಒತ್ತಿದೀನಿ, ಹನ್ನೊಂದಕ್ಕೆ ಮುಖ ತೋರಿಸ್ತೀಯ!"

"ಕಾಲ್ ಬಂದಿದ್ದೇ..." ಎಂದವನು ನಿಲ್ಲಿಸಿದ. ಬಾಗಿಲ ಬಳಿ ಮೇಷ್ಟ್ರ ಸೊಸೆ ನಿಂತಿದ್ದಳು. ಫೋನು ಮಾಡಿದವಳು ಅವಳೇ. ಲಿಫ್ಟಿನ ಬೆಲ್ಲು ಅರಚಿದ್ದು ಅವಳ ಹೊಸಿಲಿನಿಂದ ನಾಲ್ಕೇ ಹೆಜ್ಜೆಯಾಚೆ. ಹೇಳಿದೆಯೋ ನೋಡು, ಎನ್ನುತ್ತಿದ್ದವು ಅವಳ ಕಣ್ಣುಗಳು.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. "ಸೋಮಾರಿ ಅಂತ ಬರೀತೀನಿ."

ತಟ್ಟೆಯಲ್ಲೇ ಆರಿಹೋದ ಹದಿನೇಳು ವರ್ಷದ ಅನ್ನ ಮೆಕ್ಯಾನಿಕ್‌ನ ಕಣ್ಣ ಮುಂದೆ ಬಂತು. ಫೋನು ತೆಗೆದು ಅವರ ಮೂಗಿನ ಮುಂದೆ ಹಿಡಿದ.

"ಹತ್ತೂ ಐವತ್ತಕ್ಕೆ ನಿಮ್ಮನೆಯಿಂದ ಕಾಲ್ ಬಂದಿದೆ. ಹತ್ತೇ ನಿಮಿಷಕ್ಕೆ ಇಲ್ಲಿದೀನಿ. ನೀವೇ ಓದ್ಕೊಳ್ಳಿ."

ಮೇಷ್ಟ್ರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಆಮೇಲೆ ಬಾಗಿಲ ಕಡೆ ತಿರುಗಿದರು.

"ಅರ್ಧ ಗಂಟೆ ಬೆಲ್ ಕೇಳ್ಕೊಂಡು ಕೂತಿದ್ಯಾ? ನಿನಗೆ ಯಾವ ಪದ ಬರೀಲಮ್ಮಾ?"

"ಈಗ್ಯಾಕೆ ಮಾವ ಹುಡುಕ್ತೀರ? ಹನ್ನೆರಡು ವರ್ಷ ನೀವು ಕೂಗಿದ ಕೂಡ್ಲೆ ಓಡಿ ಬಂದೆ. ಆಗ ಒಂದು ಪದಾನೂ ಸಿಗ್ಲಿಲ್ಲ ನಿಮಗೆ."

ಮೇಷ್ಟ್ರು ಫಾರಂ ಮೇಲೆ 'ಪ್ರಾಂಪ್ಟ್' ಎಂದು ಗೀಚಿ, ಮೆಕ್ಯಾನಿಕ್‌ನ ಮುಖ ನೋಡದೆ ಎಸೆದರು. "ತಗೊಂಡು ತೊಲಗು."

ಫಾರಂ ಮಡಿಸಿ ಜೇಬಿಗಿಟ್ಟು ಅವನು ಮೆಟ್ಟಿಲಿಳಿಯತೊಡಗಿದ. ಬೆನ್ನ ಹಿಂದೆ ಮೇಷ್ಟ್ರ ದನಿ ಕೇಳಿಸಿತು: "ಒಂದು ಲೋಟ ನೀರು ತಾಮ್ಮಾ."

ಮೂರನೇ ಮಹಡಿ ಮುಟ್ಟುವವರೆಗೂ ಕಿವಿಗೊಟ್ಟ. ಮೇಲೆ ಯಾರೂ ಕದಲಿದ ಸದ್ದಾಗಲಿಲ್ಲ.